ಎಕೋ ಮಿಷನ್ ಕೈಕೊಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಬೆಳಿಗ್ಗೆ ಒಂಬತ್ತೂವರೆ. ಎಕೋ (ಅಲ್ಟ್ರಾಸೌಂಡಿನಲ್ಲಿ ಹೃದಯ ನೋಡುವ ಪರೀಕ್ಷೆ) ರೂಮಿನ ಹೊರಗಿನ ಬೆಂಚು ಆಗಲೇ ತುಂಬಿದೆ. ಮೊದಲನೇ ರೋಗಿ ಎಡ ಮಗ್ಗುಲಿಗೆ ಮಲಗಿದ್ದಾರೆ. ಜೆಲ್ ಹಾಕಿ, ಶಬ್ದದ ಅಲೆ ಕಳಿಸಿ ವಾಪಸ್ ಹಿಡಿಯುವ ಪ್ರೋಬನ್ನು ಎದೆ ಮೇಲೆ ಇಡುತ್ತೀರಿ. ಸ್ಕ್ರೀನಿನಲ್ಲಿ ಹೃದಯದ ಬದಲು ಮಾಗಿ ತಿಂಗಳ ಮಂಜು ಕಾಣುತ್ತದೆ. ಆಗ ಬಾಯಿಗೆ ಬರುವ ಮಾತು ಒಂದೇ: "ಮಿಷನ್ ಕೆಟ್ಟೋಯ್ತು."

ಬಹಳ ಸಲ ಕೆಟ್ಟಿರುವುದಿಲ್ಲ. ನಾನು ಜಿಲ್ಲಾಸ್ಪತ್ರೆಯ ಎಕೋ ಟೆಕ್ನಿಷಿಯನ್. ನಮ್ಮಲ್ಲಿ ಇರುವುದು ಒಂದೇ ಮಿಷನ್. ಅದು ನಿಂತಿತು ಅಂದರೆ ರೋಗಿಗಳಿಗೆ ಬೆಂಗಳೂರಿಗೋ ಮೈಸೂರಿಗೋ ಚೀಟಿ ಬರೆದುಕೊಡಬೇಕು. ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಹೋಗುವವರ ಕೂಲಿಯೂ ಹೋಗುತ್ತದೆ. ಹಾಗಾಗಿ ಸುಮ್ನೆ "ಕೆಟ್ಟಿದೆ" ಅನ್ನುವ ಹಾಗಿಲ್ಲ. ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿದೆ. ದೋಷ ಇರುವುದು ಗೊತ್ತಾಗದೆ ಆ ಚಿತ್ರವನ್ನೇ ನಂಬಿ ರಿಪೋರ್ಟ್ ಮಾಡಿಬಿಡುವುದು. ಮಿಷನ್ನಿನ ದೋಷ ಹೃದಯದ ರೋಗವಾಗಿ ಕಾಗದಕ್ಕೆ ಇಳಿದರೆ ಅದನ್ನು ಅಳಿಸುವುದು ಕಷ್ಟ. ಈ ಎರಡೂ ಆಗದಂತೆ ನಾನು ಹೇಗೆ ಹುಡುಕುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ರಿಪೋರ್ಟಿಗೆ ಸಹಿ ಹಾಕುವವರು ಡಾಕ್ಟ್ರು. ಆದರೆ ಅವರು ನೋಡುವುದು ನಾವು ತೆಗೆದ ಚಿತ್ರವನ್ನೇ ಅಲ್ವಾ?

ಮೊದಲ ಎರಡು ನಿಮಿಷ

ಚಿತ್ರ ಚೆನ್ನಾಗಿಲ್ಲ ಅಂದರೆ ಕಾರಣ ಐದು ಕಡೆ ಇರಬಹುದು: ರೋಗಿಯ ಎದೆ, ನಮ್ಮ ಕೈ, ಸೆಟ್ಟಿಂಗ್, ಪ್ರೋಬ್, ಕರೆಂಟ್. ಮಿಷನ್ನಿನ ಒಳಗಿನ ಬೋರ್ಡು ಕೊನೆಗೆ ಬರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಪ್ರೋಬನ್ನೂ ಪ್ರೀಸೆಟ್ಟನ್ನೂ (ಒಂದೊಂದು ಅಂಗಕ್ಕೆ ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್) ಒಟ್ಟಿಗೆ ಬದಲಾಯಿಸಿದರೆ ಚಿತ್ರ ಸರಿಹೋದರೂ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ನಾಳೆ ಮತ್ತೆ ಅದೇ ತಲೆನೋವು.

ನಾನು ಮಾಡುವ ಮೊದಲ ಪರೀಕ್ಷೆ ಬಹಳ ಸುಲಭ. ಪ್ರೋಬನ್ನು ನನ್ನದೇ ಎದೆಗೆ ಇಟ್ಟುಕೊಳ್ಳುತ್ತೇನೆ. ಮಿಷನ್ ಹೊಸದಾಗಿ ಬಂದ ವಾರದಲ್ಲೇ ನನ್ನ ಹೃದಯದ ಒಂದು ಪ್ಯಾರಾಸ್ಟರ್ನಲ್ (ಎದೆಮೂಳೆಯ ಪಕ್ಕದಿಂದ ನೋಡಿದ) ಕ್ಲಿಪ್ ತೆಗೆದು ಇಟ್ಟಿದ್ದೆ. ಡೆಪ್ತ್ (ಎಷ್ಟು ಆಳದವರೆಗೆ ತೋರಿಸಬೇಕು), ಗೇನ್ (ಎಷ್ಟು ಹೊಳಪು), ಫ್ರೀಕ್ವೆನ್ಸಿ (ಅಲೆಯ ಕಂಪನ) ಎಲ್ಲ ಅದರ ಮೂಲೆಯಲ್ಲೇ ಇದೆ. ಅದೇ ಸೆಟ್ಟಿಂಗ್‌ನಲ್ಲಿ ಇವತ್ತೂ ಹಾಗೇ ಕಂಡರೆ ಮಿಷನ್ ಸರಿ ಇದೆ, ತೊಂದರೆ ರೋಗಿಯ ಎದೆಯಲ್ಲೋ ಅವರು ಮಲಗಿರುವ ರೀತಿಯಲ್ಲೋ ಇದೆ. ನನ್ನದೂ ಮಬ್ಬಾಗಿ ಕಂಡರೆ ಮುಂದಿನ ಹುಡುಕಾಟ. ನಿಮ್ಮ ಮಿಷನ್‌ನಲ್ಲಿ ಅಂಥ ಕ್ಲಿಪ್ ಇಲ್ಲದಿದ್ದರೆ ಚೆನ್ನಾಗಿ ಓಡುತ್ತಿರುವ ದಿನ ಒಂದು ತೆಗೆದಿಡಿ. ಕೆಟ್ಟ ಮೇಲೆ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ.

ಚಿತ್ರ ಮಬ್ಬು, ಆದರೆ ಕೆಲವರಲ್ಲಿ ಮಾತ್ರ

ಹಾಗಿದ್ದರೆ ಅದು ಗಾಳಿಯ ತೊಂದರೆ. ಶಬ್ದದ ಅಲೆ ಗಾಳಿಗೆ ತಗುಲಿದರೆ ಹೆಚ್ಚೂಕಡಿಮೆ ಪೂರ್ತಿ ವಾಪಸ್ ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ಹೃದಯದ ಮುಂದೆ ಗಾಳಿಯ ಪರದೆಯೇ ಇರುತ್ತದೆ. ಪೂರ್ತಿ ಎಡಕ್ಕೆ ತಿರುಗಿಸಿ, ಎಡಗೈ ತಲೆ ಮೇಲೆ ಇಡಿಸಿ, ಉಸಿರು ಬಿಟ್ಟು ಹಿಡಿದುಕೊಳ್ಳಲು ಹೇಳಿ. ಆಗಲೂ ಬರದಿದ್ದರೆ ಪಕ್ಕೆಲುಬಿನ ಕೆಳಗಿನಿಂದ ಸಬ್‌ಕಾಸ್ಟಲ್ ನೋಡಿ. ಇಂಥವರಲ್ಲಿ ಬಹಳ ಸಲ ಅಲ್ಲೇ ಹೃದಯ ಚೆನ್ನಾಗಿ ಸಿಗುತ್ತದೆ. "ಉಸಿರು ಹಿಡಿ" ಅಂದ ತಕ್ಷಣ ಎಲ್ಲರೂ ಎದೆ ತುಂಬ ಎಳೆದುಕೊಂಡು ಹಿಡಿಯುತ್ತಾರೆ. "ಪೂರ್ತಿ ಬಿಡಿ, ಇನ್ನೂ ಬಿಡಿ, ಈಗ ಹಾಗೇ ಇರಿ" ಅಂತ ಬಿಡಿಸಿ ಹೇಳಬೇಕು.

ಗಾಳಿ ಇನ್ನೊಂದು ಕಡೆಯಿಂದಲೂ ಬರುತ್ತದೆ. ಒಂದು ಸಲ ಸುಮಾರು ಒಂದು ವಾರ ಎಲ್ಲರ ಚಿತ್ರವೂ ತೆಳುವಾಗಿ ಬರುತ್ತಿತ್ತು. ಗೇನ್ ಏರಿಸಿ ಏರಿಸಿ ಸಾಕಾಯಿತು. ಕೊನೆಗೆ ಬಾಟಲಿ ಒತ್ತಿದಾಗ ಜೆಲ್ ಎದೆ ಮೇಲೆ ನಿಲ್ಲದೆ ಹರಿದು ಬೆಡ್‌ಶೀಟಿಗೆ ಹೋಯಿತು. ದೊಡ್ಡ ಕ್ಯಾನಿನಿಂದ ಬಾಟಲಿಗೆ ತುಂಬುವಾಗ ಯಾರೋ ನೀರು ಬೆರೆಸಿದ್ದರು. ಇಂಡೆಂಟ್ (ಸಾಮಾನಿನ ಬೇಡಿಕೆ ಚೀಟಿ) ತಡವಾಗಿತ್ತು, ತಿಂಗಳ ಕೊನೆವರೆಗೆ ಬರಲಿ ಅಂತ ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು. ಬೈಯಲೂ ಆಗಲಿಲ್ಲ. ನೀರಾದ ಜೆಲ್ ಪ್ರೋಬಿಗೂ ಚರ್ಮಕ್ಕೂ ನಡುವೆ ನಿಲ್ಲುವುದಿಲ್ಲ, ಆ ಸಂದಿಗೆ ಗಾಳಿ ಬಂದು ಕೂರುತ್ತದೆ. ಅದರ ಮೇಲೆ ಕೀಟಾಣುವಿನ ಭಯ ಬೇರೆ. ಚಿತ್ರ ಮಬ್ಬು ಅನ್ನಿಸಿದರೆ ಮೊದಲು ಜೆಲ್ಲನ್ನು ಬೆರಳಲ್ಲಿ ಹಿಡಿದು ನೋಡಿ.

ಮೇಲ್ಗಡೆ ಬೆಳ್ಳಗೆ, ಕೆಳಗಡೆ ಕಪ್ಪಗೆ ಒಂದು ಪಟ್ಟಿಯಷ್ಟೇ ವ್ಯತ್ಯಾಸ ಕಂಡರೆ ಟಿಜಿಸಿ ಗುಂಡಿಗಳ (ಒಂದೊಂದು ಆಳದ ಹೊಳಪನ್ನು ಬೇರೆ ಬೇರೆಯಾಗಿ ಸರಿಮಾಡುವ ಗುಂಡಿಗಳು) ಕಡೆ ನೋಡಿ. ಒರೆಸುವಾಗ ಬಟ್ಟೆ ತಾಗಿ ಒಂದು ಗುಂಡಿ ಪಕ್ಕಕ್ಕೆ ಸರಿದಿರುತ್ತದೆ. ಎಲ್ಲವನ್ನೂ ಮಧ್ಯಕ್ಕೆ ತಂದು ಮತ್ತೆ ಶುರು ಮಾಡಿ. ರೂಮಿನ ಕಿಟಕಿಗೆ ಪರದೆ ಇಲ್ಲದಿದ್ದರೂ ಇದೇ ಗತಿ. ಬಿಸಿಲು ಸ್ಕ್ರೀನಿಗೆ ಬಿದ್ದು ಕಾಣುವುದಿಲ್ಲ, ಅದಕ್ಕೆ ಗೇನ್ ಏರಿಸುತ್ತೇವೆ, ಆಮೇಲೆ ಡಾಕ್ಟ್ರು ಕತ್ತಲೆ ರೂಮಿನಲ್ಲಿ ನೋಡಿ "ಏನಮ್ಮ, ಎಲ್ಲ ಸುಣ್ಣ ಬಳಿದ ಹಾಗಿದೆ" ಅನ್ನುತ್ತಾರೆ.

ಹೃದಯ ಉಲ್ಟಾ ಕಂಡ ಬೆಳಿಗ್ಗೆ

ನಮ್ಮಲ್ಲಿ ಕಲಿಯಲು ಬಂದಿದ್ದ ಹುಡುಗಿ ಒಂದು ದಿನ ಓಡಿಬಂದಳು. "ಅಕ್ಕಾ, ಡೆಕ್ಸ್ಟ್ರೋಕಾರ್ಡಿಯಾ ಕೇಸ್! ಹೃದಯ ಬಲಗಡೆ ಇದೆ!" ಮುಖದಲ್ಲಿ ಸಂಭ್ರಮ. ಅಂಥ ಕೇಸು ಸಿಗುವುದು ಅಪರೂಪ ತಾನೇ. ಹೋಗಿ ನೋಡಿದೆ. ಏಪಿಕಲ್ ಫೋರ್ ಚೇಂಬರ್‌ನಲ್ಲಿ (ಹೃದಯದ ತುದಿಯಿಂದ ನಾಲ್ಕೂ ಕೋಣೆ ಕಾಣುವ ನೋಟ) ಎಡ ಕುಹರ (ಕೆಳಗಿನ ಎಡ ಕೋಣೆ) ಸ್ಕ್ರೀನಿನ ಎಡಕ್ಕೇ ಇತ್ತು. ನಮ್ಮ ಪದ್ಧತಿಯಲ್ಲಿ ಅದು ಬಲಕ್ಕೆ ಕಾಣಬೇಕು. ಆದರೆ ಪ್ರೋಬ್ ಇದ್ದದ್ದು ರೋಗಿಯ ಎಡ ಎದೆಯ ಮೇಲೆ, ಬಡಿತ ಕೈಗೆ ಸಿಗುವ ಜಾಗದಲ್ಲೇ! ಹೃದಯ ನಿಜವಾಗಿ ಬಲಕ್ಕೆ ತಿರುಗಿದ್ದರೆ ಅಲ್ಲಿ ಇಷ್ಟು ಚೆನ್ನಾಗಿ ಹೇಗೆ ಸಿಗುತ್ತದೆ?

ಸ್ಕ್ರೀನಿನ ಮೇಲ್ತುದಿಯಲ್ಲಿರುವ ಸಣ್ಣ ಗುರುತು ನೋಡಿದೆ. ಹೃದಯದ ಪ್ರೀಸೆಟ್‌ನಲ್ಲಿ ಅದು ಬಲಕ್ಕಿರುತ್ತದೆ. ಹೊಟ್ಟೆಯ ಪ್ರೀಸೆಟ್‌ನಲ್ಲಿ ಎಡಕ್ಕೆ. ಅವತ್ತು ಎಡಕ್ಕಿತ್ತು. ಹಿಂದಿನ ರಾತ್ರಿ ಅಪಘಾತದ ಕೇಸು ಬಂದಿತ್ತು. ಡ್ಯೂಟಿ ಡಾಕ್ಟ್ರು ಹೊಟ್ಟೆಯಲ್ಲಿ ರಕ್ತ ತುಂಬಿದೆಯಾ ಅಂತ ಇದೇ ಪ್ರೋಬಿನಲ್ಲಿ, ಹೊಟ್ಟೆಯ ಪ್ರೀಸೆಟ್ ಹಾಕಿ ನೋಡಿದ್ದರು. ಬೆಳಿಗ್ಗೆ ಅದನ್ನು ಯಾರೂ ಬದಲಾಯಿಸಿರಲಿಲ್ಲ.

ಉಲ್ಟಾ ಆದದ್ದು ಕಣ್ಣಿಗೆ ಕಂಡಿತು, ಹಾಗಾಗಿ ಸಿಕ್ಕಿಬಿತ್ತು. ಕಾಣದ ತೊಂದರೆ ಬೇರೆ ಇತ್ತು. ಹೊಟ್ಟೆಯ ಪ್ರೀಸೆಟ್‌ನಲ್ಲಿ ಪರ್ಸಿಸ್ಟೆನ್ಸ್ ಜಾಸ್ತಿ. ಅಂದರೆ ಮಿಷನ್ ಹಿಂದಿನ ಕೆಲವು ಫ್ರೇಮುಗಳನ್ನು ಈಗಿನದರ ಜೊತೆ ಕಲಸಿ ನುಣ್ಣಗೆ ತೋರಿಸುತ್ತದೆ. ಲಿವರ್ ಅಲ್ಲಾಡುವುದಿಲ್ಲ, ಅದಕ್ಕೆ ಅದು ಒಳ್ಳೆಯದು. ಹೃದಯಕ್ಕೆ ಅಲ್ಲ. ವಾಲ್ವಿನ ಎಲೆಗಳು ದಪ್ಪಗೆ ಕಾಣುತ್ತವೆ, ಗೋಡೆಗಳು ನಿದ್ದೆಗಣ್ಣಲ್ಲಿ ಕುಗ್ಗಿದ ಹಾಗೆ ಕಾಣುತ್ತವೆ. ಚೆನ್ನಾಗಿರುವ ಹೃದಯವನ್ನು "ಪಂಪಿಂಗ್ ಕಮ್ಮಿ" ಅಂತ ಬರೆಯಲು ಅಷ್ಟು ಸಾಕು. ಈಗ ನಮ್ಮ ರೂಮಿನಲ್ಲಿ ನಿಯಮ ಮಾಡಿದ್ದೇವೆ. ಬೆಳಿಗ್ಗೆ ಮೊದಲ ರೋಗಿಗೆ ಮುಂಚೆ, ಏನೂ ತೊಂದರೆ ಕಾಣದಿದ್ದರೂ, ಅಡಲ್ಟ್ ಕಾರ್ಡಿಯಾಕ್ ಪ್ರೀಸೆಟ್ಟನ್ನು ಮತ್ತೊಮ್ಮೆ ಒತ್ತುವುದು.

ಹೃದಯ ತಡೆದು ತಡೆದು ಓಡುವ ಹಾಗೆ ಕಂಡರೆ ಇನ್ನೊಂದು ಕಾರಣ ಡೆಪ್ತ್. ಮೈಯೊಳಗೆ ಶಬ್ದ ಸೆಕೆಂಡಿಗೆ 1540 ಮೀಟರ್ ಓಡುತ್ತದೆ ಅಂತ ಮಿಷನ್ ಲೆಕ್ಕ ಹಿಡಿಯುತ್ತದೆ. 16 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಸುಮಾರು 208 ಮೈಕ್ರೋಸೆಕೆಂಡ್ ಬೇಕು. ಒಂದು ಚಿತ್ರಕ್ಕೆ ನೂರು ಗೆರೆ, ಒಂದೊಂದಾಗಿ ಕಳಿಸುವುದು ಅಂತ ಇಟ್ಟುಕೊಂಡರೆ ಸೆಕೆಂಡಿಗೆ 48 ಚಿತ್ರ. ಡೆಪ್ತನ್ನು 10ಕ್ಕೆ ಇಳಿಸಿದರೆ 77. ಈಗಿನ ಮಿಷನ್‌ಗಳು ಒಂದೇ ಸಲಕ್ಕೆ ಹಲವು ಗೆರೆ ಓದುತ್ತವೆ, ಸಂಖ್ಯೆ ಇನ್ನೂ ಜಾಸ್ತಿ ಬರುತ್ತದೆ. ಲೆಕ್ಕದ ದಾರಿ ಮಾತ್ರ ಅದೇ. ಹೃದಯದ ಆಚೆ ಐದು ಸೆಂಟಿಮೀಟರ್ ಬರೀ ಕಪ್ಪು ತೋರಿಸುತ್ತಿದ್ದರೆ ಆ ಕಪ್ಪಿಗಾಗಿ ಫ್ರೇಮ್ ಕಳೆದುಕೊಳ್ಳುತ್ತಿದ್ದೀರಿ.

ಗೆರೆಗಳ ಕಾಟ: ಹದಿನೈದು ದಿನದ ಪತ್ತೇದಾರಿ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಾನು ಹುಡುಕುವುದನ್ನು ಕಲಿತದ್ದೇ ಇದರಿಂದ.

ಚಿತ್ರದ ಮೇಲೆ ಬಿಳಿ ಚುಕ್ಕೆಗಳ ಪಟ್ಟೆ ಬರಲು ಶುರುವಾಯಿತು. ಹಳೇ ಟಿವಿಯಲ್ಲಿ ಪಕ್ಕದ ಮನೆಯವರು ಮಿಕ್ಸಿ ಹಾಕಿದಾಗ ಬರುತ್ತಿತ್ತಲ್ಲ, ಹಾಗೆ. ರಕ್ತದ ವೇಗ ನೋಡುವ ಡಾಪ್ಲರ್ ಹಾಕಿದರಂತೂ ಪೂರ್ತಿ ಅಡ್ಡಗೆರೆ. ಕಂಪ್ಲೇಂಟ್ ಕೊಟ್ಟೆವು. ಎಂಜಿನಿಯರ್ ಮಧ್ಯಾಹ್ನ ಮೂರಕ್ಕೆ ಬಂದರು, ಒಂದು ಗಂಟೆ ನೋಡಿದರು, ಒಂದೂ ಗೆರೆ ಇಲ್ಲ. "ಮೇಡಂ, ಮಿಷನ್ ಪರ್ಫೆಕ್ಟ್" ಅಂತ ಬರೆದು ಸಹಿ ಹಾಕಿಸಿಕೊಂಡು ಹೋದರು. ಮಾರನೇ ದಿನ ಬೆಳಿಗ್ಗೆ ಮತ್ತೆ ಗೆರೆ. ಎರಡನೇ ಸಲ ಕರೆಸಿದಾಗಲೂ ಅವರು ಬಂದದ್ದು ಮಧ್ಯಾಹ್ನವೇ. ಅವರ ಮುಂದೆ ನಾನು ಸುಳ್ಳುಗಾತಿ ಆದೆ.

ಆಮೇಲೆ ನಾನೇ ಹುಡುಕಲು ಕೂತೆ. ಗೆರೆ ಬಂದಾಗ ಪ್ರೋಬನ್ನು ರೋಗಿಯಿಂದ ತೆಗೆದು ಗಾಳಿಯಲ್ಲಿ ಹಿಡಿದೆ. ಗೆರೆ ಹೋಗಲಿಲ್ಲ. ಅಲ್ಲಿಗೆ ರೋಗಿ ಪಾರು. ಇನ್ನೊಂದು ಪ್ರೋಬಿಗೆ ಬದಲಾಯಿಸಿದೆ. ಅದರಲ್ಲೂ ಬಂತು. ಅಂದರೆ ಪ್ರೋಬ್ ಒಂದರ ತಪ್ಪಲ್ಲ. ಇಸಿಜಿ ವೈರ್ ಕಳಚಿದೆ, ವ್ಯತ್ಯಾಸ ಇಲ್ಲ. ಟ್ಯೂಬ್‌ಲೈಟ್, ಫ್ಯಾನು, ಮೊಬೈಲ್ ಚಾರ್ಜರ್, ಪ್ರಿಂಟರ್ ಒಂದೊಂದಾಗಿ ಆಫ್ ಮಾಡಿದೆ. ಇಲ್ಲ. ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಬರೀ ಬ್ಯಾಟರಿಯಲ್ಲಿ ಓಡಿಸಿದೆ. ಗೆರೆ ಸ್ವಲ್ಪ ಕಮ್ಮಿಯಾಯಿತು, ಹೋಗಲಿಲ್ಲ. ಇದು ಮುಖ್ಯವಾದ ಸುಳಿವು. ಕಾಟ ಕರೆಂಟಿನ ಲೈನಿನಿಂದಲೂ ಬರುತ್ತಿದೆ, ಗಾಳಿಯಲ್ಲೂ ಬರುತ್ತಿದೆ. ಹತ್ತಿರದಲ್ಲೇ ಏನೋ ಇದೆ.

ಏನು ಅಂತ ತಿಳಿಯಲಿಲ್ಲ. ಟೋಕನ್ ಚೀಟಿಯ ಹಿಂದೆ ಗೆರೆ ಬಂದ ಹೊತ್ತು, ಹೋದ ಹೊತ್ತು ಬರೆಯಲು ಶುರು ಮಾಡಿದೆ. 10:10ರಿಂದ 10:30. 10:40ರಿಂದ 11:00. 11:10ರಿಂದ 11:30. ನೋಡಿದರೆ ಎಲ್ಲ ಇಪ್ಪತ್ತು ನಿಮಿಷ! ಯಾವ ಲೂಸ್ ವೈರು ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಕೆಲಸ ಮಾಡಿ ಹತ್ತು ನಿಮಿಷ ವಿಶ್ರಾಂತಿ ತೆಗೆದುಕೊಳ್ಳುತ್ತದೆ?

ಉತ್ತರ ಕೊಟ್ಟದ್ದು ಒಬ್ಬ ಅಜ್ಜಿ. ಗೆರೆ ನಿಂತ ಎರಡು ನಿಮಿಷಕ್ಕೆ ಕುಂಟುತ್ತಾ ಒಳಗೆ ಬಂದು ಮಂಚದ ಮೇಲೆ ಕೂತರು. "ಅವ್ವಾ, ಮಂಡಿಗೆ ಶಾಖ ಕೊಟ್ಟಿದ್ದು ಮುಗೀತು. ಈಗ ಎದೇದು ನೋಡ್ಬುಡು."

ಗೋಡೆಯ ಆಚೆ ಫಿಸಿಯೋಥೆರಪಿ ರೂಮು. ಅಲ್ಲಿ ಮಂಡಿಗೂ ಸೊಂಟಕ್ಕೂ ಶಾಖ ಕೊಡುವ ಶಾರ್ಟ್‌ವೇವ್ ಡಯಾಥರ್ಮಿ ಮಿಷನ್. 27.12 ಮೆಗಾಹರ್ಟ್ಸ್‌ನ ಜೋರಾದ ರೇಡಿಯೋ ಅಲೆ ಅದರ ಕೆಲಸ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಫಿಸಿಯೋ ಓಪಿಡಿ ಬೆಳಿಗ್ಗೆ ಮಾತ್ರ. ಮೂರು ಗಂಟೆಗೆ ಬಂದ ಎಂಜಿನಿಯರ್‌ಗೆ ಏನು ಕಾಣಬೇಕು? ಅಜ್ಜಿಯನ್ನು ಕೂರಿಸಿ ಪಕ್ಕದ ರೂಮಿಗೆ ಹೋಗಿ, "ಸರ್, ಒಂದು ನಿಮಿಷ ಆನ್ ಮಾಡಿ, ಆಫ್ ಮಾಡಿ" ಅಂದೆ. ಇತ್ತ ಹುಡುಗಿ ಸ್ಕ್ರೀನ್ ನೋಡುತ್ತಿದ್ದಳು. ಮೂರು ಸಲ ಮಾಡಿದೆವು, ಮೂರು ಸಲವೂ ಸರಿಯಾಗಿ ಕೂಡಿಬಂತು.

ಮೊದಲು ಎಕೋ ಮಿಷನ್ನನ್ನು ಆ ಗೋಡೆಯಿಂದ ಎದುರು ಗೋಡೆಗೆ ಸರಿಸಿದೆವು. ಅರ್ಧ ಕಮ್ಮಿಯಾಯಿತು. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಎರಡೂ ರೂಮಿಗೆ ಒಂದೇ ಲೈನ್ ಅಂತ ಗೊತ್ತಾಯಿತು. ಅರ್ಥಿಂಗ್ ಕೂಡ ಸಡಿಲ. ಅರ್ಥ್‌ಗೂ ನ್ಯೂಟ್ರಲ್‌ಗೂ ನಡುವೆ ಮೀಟರ್ ಇಟ್ಟರೆ ಎರಡು ಮೂರು ವೋಲ್ಟ್ ಒಳಗೆ ಇರಬೇಕಾದದ್ದು ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಮೇನ್ ಪ್ಯಾನೆಲ್‌ನಿಂದ ಎಕೋಗೆ ಬೇರೆ ಲೈನ್ ಎಳೆಸಿ, ಅರ್ಥ್ ಸರಿ ಮಾಡಿಸಿದ ಮೇಲೆ ಗೆರೆ ನಿಂತಿತು. ಫಿಸಿಯೋ ಸರ್ ಜೊತೆ ಇನ್ನೊಂದು ಮಾತೂ ಆಯಿತು. ಪೇಸ್‌ಮೇಕರ್ ಇರುವವರಿಗೆ ಈ ಶಾಖ ಕೊಡುವ ಹಾಗಿಲ್ಲ, ಅದು ಅವರಿಗೆ ಗೊತ್ತೇ ಇತ್ತು. ಆದರೆ ನಮ್ಮ ಪೇಸ್‌ಮೇಕರ್ ರೋಗಿಗಳು ಕಾಯುತ್ತಿದ್ದ ಬೆಂಚು ಅವರ ಬಾಗಿಲ ಪಕ್ಕದಲ್ಲೇ ಇತ್ತು. ಬೆಂಚನ್ನೂ ಸರಿಸಿದೆವು.

ನಿಮ್ಮಲ್ಲಿ ಡಯಾಥರ್ಮಿ ಇಲ್ಲದಿರಬಹುದು. ಆಪರೇಷನ್ ಥಿಯೇಟರಿನ ಕಾಟರಿ (ಕರೆಂಟಿನಿಂದ ಕೊಯ್ಯುವ ಸಾಧನ), ಲಿಫ್ಟಿನ ಮೋಟರ್, ಅಗ್ಗದ ಎಲ್‌ಇಡಿ ಬಲ್ಬು, ಜನರೇಟರ್, ಯಾವುದೂ ಆಗಬಹುದು. ಹುಡುಕುವ ಕ್ರಮ ಅದೇ. ಹೊತ್ತು ಬರೆದಿಡುವುದನ್ನು ಮಾತ್ರ ಬಿಡಬೇಡಿ. ಎಂಜಿನಿಯರ್‌ನ್ನು ಕರೆಸುವುದಾದರೆ ತೊಂದರೆ ಬರುವ ಹೊತ್ತಿಗೇ ಕರೆಸಿ.

ಪ್ರೋಬ್ ಸತ್ತಿದೆಯಾ?

ಎಕೋದಲ್ಲಿ ದುಬಾರಿ ಸಾಮಾನು ಪ್ರೋಬೇ. ಅದು ಕೆಡುವುದು ಹೆಚ್ಚಾಗಿ ನಮ್ಮಿಂದಲೇ. ಕೆಳಗೆ ಬೀಳುತ್ತದೆ, ಅದರ ಕೇಬಲ್ ಮೇಲೆ ಟ್ರಾಲಿ ಚಕ್ರ ಹರಿಯುತ್ತದೆ, ಇಲ್ಲವೇ ಸಿಕ್ಕ ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನ ರಬ್ಬರ್ ಪೊರೆ ಬಿರಿಯುತ್ತದೆ. ಯಾವ ದ್ರವದಲ್ಲಿ ಒರೆಸಬಹುದು ಅಂತ ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಆ ಹಾಳೆಯ ಜೆರಾಕ್ಸ್ ತೆಗೆದು ಗೋಡೆಗೆ ಅಂಟಿಸಿ.

ಅನುಮಾನ ಬಂದರೆ ಮೊದಲು ಕಣ್ಣಲ್ಲಿ ನೋಡಿ. ಪೊರೆಯಲ್ಲಿ ಗುಳ್ಳೆ, ಬಿರುಕು, ಕೇಬಲ್ಲಿನ ಬುಡದಲ್ಲಿ ಮುರಿತ. ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ. ಜೆಲ್ ಒಳಗೆ ಇಳಿದರೆ ರೋಗಿಗೆ ಶಾಕ್ ಹೊಡೆಯಬಹುದು. "ಇವತ್ತೊಂದು ದಿನ ಓಡಿಸೋಣ" ಅನ್ನುವ ಮಾತೇ ಬೇಡ.

ಕತ್ತಿನ ರಕ್ತನಾಳ ನೋಡುವ ಲೀನಿಯರ್ ಪ್ರೋಬ್ ಆದರೆ ಪರೀಕ್ಷೆ ಸುಲಭ. ಒರೆಸಿ ಒಣಗಿಸಿ, ಜೆಲ್ ಇಲ್ಲದೆ ಗಾಳಿಯಲ್ಲಿ ಹಿಡಿಯಿರಿ. ಮೇಲ್ತುದಿಯಲ್ಲಿ ಒಂದರ ಕೆಳಗೊಂದು ಬೆಳ್ಳಗಿನ ಪಟ್ಟಿ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಮ ಇರಬೇಕು. ನಡುವೆ ಎಲ್ಲಾದರೂ ಕಪ್ಪು ಕಂಬ ಇಳಿದಿದ್ದರೆ ಅಲ್ಲಿನ ಎಲಿಮೆಂಟು (ಅಲೆ ಕಳಿಸಿ ಹಿಡಿಯುವ ಪುಟ್ಟ ಹರಳು) ಸತ್ತಿದೆ. ಇನ್ನೂ ಖಾತ್ರಿ ಬೇಕಿದ್ದರೆ ಚೂರು ಜೆಲ್ ಹಚ್ಚಿ, ಪೇಪರ್ ಕ್ಲಿಪ್ಪಿನ ಒಂದು ಕಡ್ಡಿ ಬಿಡಿಸಿ ಅಂಚಿನಿಂದ ಅಂಚಿಗೆ ಮೆಲ್ಲಗೆ ಸವರಿ. ಕಡ್ಡಿಯ ಹೊಳಪು ಎಲ್ಲಿ ಮಾಯವಾಗುತ್ತದೋ ಅಲ್ಲಿ ದೋಷ.

ಹೃದಯದ ಸೆಕ್ಟರ್ ಪ್ರೋಬಿನಲ್ಲಿ ಇಷ್ಟು ಸಲೀಸಲ್ಲ. ಅಲ್ಲಿ ಪ್ರತಿ ಗೆರೆಗೂ ಎಲ್ಲ ಎಲಿಮೆಂಟುಗಳು ಒಟ್ಟಿಗೆ ದುಡಿಯುತ್ತವೆ. ನಾಲ್ಕಾರು ಸತ್ತರೆ ಕಪ್ಪು ಕಂಬ ಕಾಣುವುದಿಲ್ಲ, ಇಡೀ ಚಿತ್ರವೇ ಒಂದು ಸುತ್ತು ಮಂಕಾಗುತ್ತದೆ. ಮೆಲ್ಲಮೆಲ್ಲಗೆ ಆಗುವುದರಿಂದ ದಿನಾ ನೋಡುವ ನಮಗೇ ಗೊತ್ತಾಗುವುದಿಲ್ಲ. ನನ್ನ ಎದೆಯ ಹಳೇ ಕ್ಲಿಪ್ ಕೆಲಸಕ್ಕೆ ಬರುವುದು ಇಲ್ಲೇ.

ಪ್ರೋಬ್ ಹೋಯಿತು ಅಂತ ತೀರ್ಮಾನಿಸುವ ಮುಂಚೆ ಕನೆಕ್ಟರ್ ಕಳಚಿ, ಪಿನ್ನು ಬಗ್ಗಿದೆಯಾ ನೋಡಿ, ಪಕ್ಕದ ಪೋರ್ಟಿಗೆ ಹಾಕಿ ಲಾಕ್ ತಿರುಗಿಸಿ. ಪಕ್ಕದ ಪೋರ್ಟಿನಲ್ಲಿ ಸರಿ ಬಂದರೆ ಕೆಟ್ಟಿರುವುದು ಪೋರ್ಟು. ಬೆಲೆಯಲ್ಲಿ ಬಹಳ ವ್ಯತ್ಯಾಸ. ಫ್ರೀಜ್ ಮಾಡದೆ ಕನೆಕ್ಟರ್ ಕೀಳಬೇಡಿ.

ಅಂದಹಾಗೆ ಎಕೋ ಹುಟ್ಟಿದ್ದೇ ದೋಷ ಹುಡುಕುವ ಮಿಷನ್‌ನಿಂದ. ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಅನ್ನುವ ಡಾಕ್ಟ್ರು, ಕಾರ್ಲ್ ಹೆಲ್ಮುತ್ ಹರ್ಟ್ಸ್ ಅನ್ನುವ ಭೌತವಿಜ್ಞಾನಿ ಮಾಲ್ಮೋದ ಹಡಗು ಕಟ್ಟುವ ಕಾರ್ಖಾನೆಯ ಮಿಷನ್ ತೆಗೆದುಕೊಂಡು ಪ್ರಯೋಗ ಶುರು ಮಾಡಿದರು. ಕಬ್ಬಿಣದೊಳಗಿನ ಬಿರುಕು ಹುಡುಕಲು ಇದ್ದ ಅಲ್ಟ್ರಾಸೌಂಡ್ ಮಿಷನ್ ಅದು. 1953ರ ಅಕ್ಟೋಬರ್ 29ರಂದು ಹೃದಯದ ಚಲನೆಯನ್ನು ಮೊದಲ ಸಲ ದಾಖಲಿಸಿದರು. ಪ್ರೋಬಿಗೆ ಪೇಪರ್ ಕ್ಲಿಪ್ ಸವರುವಾಗ ನನಗೆ ಇದು ನೆನಪಾಗುತ್ತದೆ.

ಅರ್ಧ ಬಡಿತದ ಕ್ಲಿಪ್

ಕ್ಲಿಪ್ ಒಂದು ಪೂರ್ತಿ ಬಡಿತ ಓಡದೆ ಮಧ್ಯಕ್ಕೇ ತುಂಡಾಗುತ್ತಿದ್ದರೆ ದೋಷ ಚಿತ್ರದಲ್ಲಿಲ್ಲ, ಇಸಿಜಿಯಲ್ಲಿದೆ. ಮಿಷನ್ ಇಸಿಜಿಯ ಚೂಪಾದ ಆರ್ ಅಲೆ ಹಿಡಿದು ಒಂದು ಬಡಿತ ಅಳೆಯುತ್ತದೆ. ಆರ್ ಗಿಡ್ಡವಾಗಿ, ಅದರ ಹಿಂದೆ ಬರುವ ಟಿ ಅಲೆ ಎತ್ತರ ಇದ್ದರೆ ಟಿಯನ್ನೇ ಆರ್ ಅಂದುಕೊಳ್ಳುತ್ತದೆ. ಆ ತುಂಡು ಕ್ಲಿಪ್ಪಿನಲ್ಲಿ ಇಎಫ್ (ಹೃದಯ ಪ್ರತಿ ಬಡಿತಕ್ಕೆ ಪಂಪ್ ಮಾಡುವ ರಕ್ತದ ಪಾಲು) ಅಳೆದರೆ ತಪ್ಪು ಲೆಕ್ಕ ಬರುತ್ತದೆ. ಲೀಡ್ (ಇಸಿಜಿಯ ನೋಟ) ಬದಲಾಯಿಸಿ, ಇಸಿಜಿ ಗೇನ್ ಏರಿಸಿ.

ವೈರಿನ ಬಣ್ಣದಲ್ಲಿ ಒಂದು ಮೋಸ ಇದೆ. ಕೆಲವು ಮಿಷನ್‌ಗಳಲ್ಲಿ ಕೆಂಪು ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ. ಅಮೆರಿಕದ ಪದ್ಧತಿಯವುಗಳಲ್ಲಿ ಬಿಳಿ ಬಲಗೈ, ಕಪ್ಪು ಎಡಗೈ, ಕೆಂಪು ಎಡಗಾಲು. ಅಂದರೆ ಒಂದರಲ್ಲಿ ಬಲಗೈಯ ಬಣ್ಣ ಇನ್ನೊಂದರಲ್ಲಿ ಎಡಗಾಲಿಗೆ! ಬಲಗೈ, ಎಡಗಾಲು ಅದಲುಬದಲಾದರೆ ಎರಡನೇ ಲೀಡ್ (ಲೀಡ್ II) ತಲೆಕೆಳಗಾಗುತ್ತದೆ. ಬಣ್ಣ ನೋಡಬೇಡಿ, ವೈರಿನ ತುದಿಯ ಮೇಲಿನ ಅಕ್ಷರ ಓದಿ. ಎಲೆಕ್ಟ್ರೋಡ್ ಪ್ಯಾಕೆಟ್ ತೆರೆದಿಟ್ಟರೆ ಅಂಟು ಒಣಗುತ್ತದೆ. ಎದೆಗೆ ಪೌಡರೋ ಬೆವರೋ ಇದ್ದರೆ ಒರೆಸಿ ಹಚ್ಚಿ. ಬಡಿತಗಳ ನಡುವಿನ ಅಂತರವೇ ಒಂದೊಂದು ಥರ ಇದ್ದರೆ ಅದು ಮಿಷನ್ ತಪ್ಪಲ್ಲ, ಏಟ್ರಿಯಲ್ ಫಿಬ್ರಿಲೇಷನ್ (ಮೇಲಿನ ಕೋಣೆಗಳ ಲಯ ತಪ್ಪಿದ ಬಡಿತ) ಇರಬಹುದು. ಆಗ ಒಂದು ಬಡಿತ ನಂಬದೆ ಐದು ಅಳೆದು ಸರಾಸರಿ ತೆಗೆಯಿರಿ.

ಬಣ್ಣವೂ ಗ್ರಾಫೂ ಸುಳ್ಳು ಹೇಳಿದಾಗ

ಕಲರ್ ಡಾಪ್ಲರ್‌ನಲ್ಲಿ ಎಲ್ಲರ ವಾಲ್ವೂ ಲೀಕ್ ಆಗುತ್ತಿರುವ ಹಾಗೆ ಕಂಡರೆ ಬಣ್ಣದ ಪಟ್ಟಿಯ ಪಕ್ಕದ ಸಂಖ್ಯೆ ನೋಡಿ. ಅದು ಸೆಕೆಂಡಿಗೆ 50ರಿಂದ 70 ಸೆಂಟಿಮೀಟರ್ ನಡುವೆ ಇರಬೇಕು. ಯಾರೋ ಸ್ಕೇಲ್ ಇಳಿಸಿ 30ಕ್ಕೆ ತಂದಿದ್ದರೆ ಚಿಕ್ಕ ಲೀಕು ಏಟ್ರಿಯಂ (ಹೃದಯದ ಮೇಲಿನ ಕೋಣೆ) ತುಂಬ ಹರಡಿದ ಹಾಗೆ ಕಾಣುತ್ತದೆ. ಕಲರ್ ಗೇನ್ ಜಾಸ್ತಿ ಆದರೂ ಇದೇ ಕಥೆ. ಗೇನನ್ನು ಎಲ್ಲೆಲ್ಲೂ ಚುಕ್ಕೆ ಸಿಡಿಯುವವರೆಗೆ ಏರಿಸಿ, ಚುಕ್ಕೆ ಹೋಗುವಷ್ಟು ಮಾತ್ರ ಇಳಿಸಿ. ಬಿಪಿ ನೋಡದೆ ಮೈಟ್ರಲ್ ವಾಲ್ವಿನ (ಎಡಗಡೆಯ ಎರಡು ಕೋಣೆಗಳ ನಡುವಿನದು) ಲೀಕಿನ ಬಗ್ಗೆ ಮಾತಾಡಬೇಡಿ. ಬಿಪಿ ಏರಿದ್ದರೆ ಲೀಕೂ ಏರುತ್ತದೆ.

ಇದರ ಉಲ್ಟಾ ತಪ್ಪು ಕಿರಿದಾದ ಅಯೋರ್ಟಿಕ್ ವಾಲ್ವಿನಲ್ಲಿ (ಎಡ ಕುಹರದಿಂದ ರಕ್ತ ಹೊರಹೋಗುವ ಬಾಗಿಲು). ರಕ್ತದ ಧಾರೆಗೂ ನಮ್ಮ ಗೆರೆಗೂ ಕೋನ ಬಿದ್ದರೆ ವೇಗ ಕಮ್ಮಿ ತೋರಿಸುತ್ತದೆ. ನಿಜವಾದ ವೇಗ ಸೆಕೆಂಡಿಗೆ 4 ಮೀಟರ್, ಒತ್ತಡದ ವ್ಯತ್ಯಾಸ 64 ಎಂಎಂ ಪಾದರಸ ಅಂತ ಇಟ್ಟುಕೊಳ್ಳಿ. 30 ಡಿಗ್ರಿ ವಾಲಿದರೆ ಮಿಷನ್ ತೋರಿಸುವುದು 3.46, ಒತ್ತಡ 48. ಸಿವಿಯರ್ ಅಂತ ಬರೆಯಬೇಕಾದ ರೋಗಿ ಮಾಡರೇಟ್ ಆಗಿ ಮನೆಗೆ ಹೋಗುತ್ತಾರೆ. ಮಿಷನ್ ಕೆಟ್ಟಿಲ್ಲ, ಒಂದೇ ಕಡೆಯಿಂದ ನೋಡಿ ಮುಗಿಸಿದ್ದು ತಪ್ಪು. ಎದೆಯ ಬಲಪಕ್ಕದಿಂದ, ಕತ್ತಿನ ಗುಳಿಯಿಂದಲೂ ನೋಡಿ, ಎಲ್ಲಿ ಅತಿ ಜಾಸ್ತಿ ಬರುತ್ತದೋ ಅದನ್ನು ಹಿಡಿಯಿರಿ. ಕಣ್ಣಿಗೆ ವಾಲ್ವ್ ಕಲ್ಲಿನ ಹಾಗೆ ಕಂಡು ಸಂಖ್ಯೆ ಮಾತ್ರ ಸಣ್ಣದು ಬಂದರೆ ಸಂಖ್ಯೆಯನ್ನು ಅನುಮಾನಿಸಿ.

ಇಲ್ಲದ ತೂತು, ಇಲ್ಲದ ಗಡ್ಡೆ

ಏಪಿಕಲ್ ಫೋರ್ ಚೇಂಬರ್‌ನಲ್ಲಿ ಎರಡು ಏಟ್ರಿಯಂ ನಡುವಿನ ಗೋಡೆಯಲ್ಲಿ ತೂತು ಕಂಡರೆ ಗಾಬರಿ ಬೇಡ. ಆ ಜಾಗ ತೆಳು. ಅಲೆ ಅದರ ಉದ್ದಕ್ಕೇ ಓಡುವುದರಿಂದ ವಾಪಸ್ ಬರುವುದು ಕಮ್ಮಿ, ಹಾಗಾಗಿ ಗೋಡೆ ಅಳಿಸಿಹೋದ ಹಾಗೆ ಕಾಣುತ್ತದೆ. ಸಬ್‌ಕಾಸ್ಟಲ್‌ನಲ್ಲಿ ಅಲೆ ಗೋಡೆಗೆ ನೇರ ಬಡಿಯುತ್ತದೆ. ಅಲ್ಲೂ ತೂತು ಕಂಡು, ಬಣ್ಣವೂ ಹರಿದರೆ ಮಾತ್ರ ಡಾಕ್ಟ್ರನ್ನು ಕರೆಯಿರಿ. ಒಂದು ಮಗುವಿನ ತಾಯಿಗೆ "ತೂತಿದೆ" ಅಂತ ಬಾಯಿತಪ್ಪಿ ಹೇಳಿದರೆ ಆಮೇಲೆ "ಇಲ್ಲ" ಅಂದದ್ದು ಆಕೆಯ ಕಿವಿಗೆ ಹೋಗುವುದಿಲ್ಲ.

ಹೃದಯದ ತುದಿಯಲ್ಲಿ ಮೋಡದ ಹಾಗೆ ಏನೋ ಕಂಡರೆ ಅದು ಹೆಪ್ಪುಗಟ್ಟಿದ ರಕ್ತವೋ, ಪ್ರೋಬಿನ ಹತ್ತಿರದ ಬರೀ ಗದ್ದಲವೋ? ಡೆಪ್ತ್ ಇಳಿಸಿ, ಫೋಕಸ್ ಮೇಲೆ ತನ್ನಿ, ಫ್ರೀಕ್ವೆನ್ಸಿ ಏರಿಸಿ. ಗದ್ದಲ ಆದರೆ ಕರಗುತ್ತದೆ, ಇಲ್ಲವೇ ಗೋಡೆ ಅಲ್ಲಾಡಿದರೂ ತಾನು ಇದ್ದಲ್ಲೇ ನಿಂತಿರುತ್ತದೆ. ಹೆಪ್ಪಿಗೆ ಅಂಚು ಇರುತ್ತದೆ, ಎರಡು ಬೇರೆ ನೋಟದಲ್ಲಿ ಸಿಗುತ್ತದೆ, ಅದರ ಕೆಳಗಿನ ಗೋಡೆ ಸಾಮಾನ್ಯವಾಗಿ ಕುಗ್ಗುತ್ತಿರುವುದಿಲ್ಲ. ಗೋಡೆ ಚೆನ್ನಾಗಿ ಕುಗ್ಗುತ್ತಿದ್ದು ಮೋಡ ಮಾತ್ರ ಇದ್ದರೆ ನಾನು ಮಿಷನ್ ಮೇಲೇ ಮೊದಲು ಅನುಮಾನ ಪಡುತ್ತೇನೆ.

ತಾನಾಗಿ ಆಫ್ ಆಗುತ್ತಿದ್ದರೆ

ಹಿಂದೆಯೋ ಕೆಳಗೋ ಗಾಳಿಯ ಫಿಲ್ಟರ್ ಇರುತ್ತದೆ. ತೆಗೆದು ನೋಡಿ. ನಮ್ಮದರಲ್ಲಿ ಧೂಳು ಕಂಬಳಿಯ ಹಾಗೆ ಕೂತಿತ್ತು. ಬಿಸಿ ಏರಿ ಮಿಷನ್ ತನ್ನನ್ನು ತಾನೇ ಉಳಿಸಿಕೊಳ್ಳಲು ಆಫ್ ಆಗುತ್ತಿತ್ತು. ತೊಳೆದು ಪೂರ್ತಿ ಒಣಗಿಸಿ ಹಾಕಿದ ಮೇಲೆ ಸರಿಹೋಯಿತು. ಕರೆಂಟ್ ಹೋಗಿ ಜನರೇಟರ್ ಬರುವ ಹೊತ್ತಿಗೆ ಮಾತ್ರ ಆಫ್ ಆದರೆ ಯುಪಿಎಸ್ ಬ್ಯಾಟರಿ ಮುದಿಯಾಗಿದೆ. ನಿಧಾನ ಆಗಿದ್ದರೆ ಡಿಸ್ಕ್ ತುಂಬಿರುತ್ತದೆ, ಹಳೇ ಸ್ಟಡಿಗಳನ್ನು ಬೇರೆ ಕಡೆ ಉಳಿಸಿ ಜಾಗ ಮಾಡಿ. ದಿನಾಂಕ ತಪ್ಪು ತೋರಿಸಿದರೆ ಒಳಗಿನ ಪುಟ್ಟ ಬ್ಯಾಟರಿ ಹೋಗಿದೆ, ಅದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ತಪ್ಪು ದಿನಾಂಕದ ರಿಪೋರ್ಟು ಮುಂದೆ ಯಾರ ತಲೆಗೋ ಬರುತ್ತದೆ.

ಕಂಪ್ಲೇಂಟ್ ಬರೆಯುವಾಗ

ಇಷ್ಟೆಲ್ಲ ನೋಡಿದ ಮೇಲೂ ದೋಷ ಮಿಷನ್ನಿನದೇ ಅಂದರೆ ಎಂಜಿನಿಯರ್ ಬೇಕು. ಒಂದು ಎಚ್ಚರಿಕೆ. ಹೃದಯದ್ದಾದರೂ ಇದು ಅಲ್ಟ್ರಾಸೌಂಡ್ ಮಿಷನ್ನೇ. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ರಿಪೇರಿಗೆ ಅಂತ ಮಿಷನ್ ಹೊರಗೆ ಹೋಗುವುದಾಗಲಿ, ಬದಲಿ ಮಿಷನ್ ಒಳಗೆ ಬರುವುದಾಗಲಿ ಸಕ್ಷಮ ಪ್ರಾಧಿಕಾರಕ್ಕೆ ಬರಹದಲ್ಲಿ ತಿಳಿಸದೆ ಆಗಬಾರದು. "ಎರಡು ದಿನಕ್ಕೆ ಡೆಮೋ ಪೀಸ್ ಇಟ್ಟು ಹೋಗುತ್ತೇವೆ ಮೇಡಂ" ಅಂದರೆ ಸೀದಾ ಆರ್‌ಎಂಒ (ಆಸ್ಪತ್ರೆಯ ನಿವಾಸಿ ವೈದ್ಯಾಧಿಕಾರಿ) ಹತ್ತಿರ ಕಳಿಸಿ.

"ಇಮೇಜ್ ಸರಿ ಇಲ್ಲ" ಅಂತ ಬರೆದರೆ ಎಂಜಿನಿಯರ್ ಬರಿಗೈಯಲ್ಲಿ ಬರುತ್ತಾರೆ. ನಾನು ಹೀಗೆ ಬರೆಯುತ್ತೇನೆ: "ಸೆಕ್ಟರ್ ಪ್ರೋಬ್, ಸೀರಿಯಲ್ ಸಂಖ್ಯೆ ಇಂಥದ್ದು. ಸೋಮವಾರದಿಂದ ಇಡೀ ಚಿತ್ರ ಮಂಕು, ಎಲ್ಲ ರೋಗಿಗಳಲ್ಲೂ. ಪ್ರೀಸೆಟ್ ಹೊಸದಾಗಿ ಹಾಕಿ ನೋಡಿದೆ. ಪೋರ್ಟ್ 1, 2 ಎರಡರಲ್ಲೂ ಅದೇ. ಲೀನಿಯರ್ ಪ್ರೋಬ್ ಎರಡೂ ಪೋರ್ಟಿನಲ್ಲಿ ಸರಿ ಇದೆ. ಯುಪಿಎಸ್, ಅರ್ಥಿಂಗ್ ಸರಿ. ಹಳೇ ಕ್ಲಿಪ್ಪು, ಇವತ್ತಿನ ಕ್ಲಿಪ್ಪು ಎರಡರ ಫೋಟೋ ಜೊತೆಗಿದೆ." ಫೋಟೋದಲ್ಲಿ ರೋಗಿಯ ಹೆಸರು ಕಾಣಬಾರದು, ಅದಕ್ಕೇ ನನ್ನ ಎದೆಯ ಕ್ಲಿಪ್ಪೇ ವಾಸಿ.

ಹೋದ ಸಲ ಹೀಗೆ ಬರೆದಾಗ ಎಂಜಿನಿಯರ್ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಕನೆಕ್ಟರ್ ಪಿನ್ ನೋಡಿದ್ರಾ ಮೇಡಂ?" ನೋಡಿದ್ದೆ. ಮಾರನೇ ದಿನ ಬರುವಾಗ ಬ್ಯಾಗಿನಲ್ಲಿ ಪ್ರೋಬ್ ಇತ್ತು. ಬಂದದ್ದೂ ಬೆಳಿಗ್ಗೆ ಹತ್ತಕ್ಕೇ.